ಶೀಟು ಬಿಚ್ಚದೆ ಪೈಪಿನ ದಪ್ಪ ಅಳೆದದ್ದು

ನಮ್ಮೂರು ಅಕ್ಕಲಕೋಟೆ ಹತ್ತಿರ. ಈ ಸೋಲಾಪುರ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗಳು ಜಾಸ್ತಿ. ಕಬ್ಬಿನ ಹಂಗಾಮು ಮುಗಿದ ಮೇಲೆ ಪೈಪುಗಳ ತಪಾಸಣೆ ನನ್ನ ಕೆಲಸ.

ಹಬೆಯ ಪೈಪಿಗೆ ಶಾಖ ಹೊರಹೋಗದಂತೆ ರಾಕ್‌ವೂಲ್ (ಕಲ್ಲಿನ ಎಳೆಗಳ ಹೊದಿಕೆ) ಸುತ್ತಿ, ಮೇಲೆ ಅಲ್ಯೂಮಿನಿಯಂ ಶೀಟು ಹೊದಿಸಿರುತ್ತಾರೆ. ಪೈಪು ಕಾದಿರುವಾಗ ಅಲ್ಲಿ ನೀರು ನಿಲ್ಲುವುದಿಲ್ಲ. ಕಾರ್ಖಾನೆ ನಿಂತು ಮಳೆ ಹಿಡಿದಾಗಲೇ ತೊಂದರೆ. ಶೀಟಿನ ಸಂದಿಯಿಂದ ಇಳಿದ ನೀರನ್ನು ರಾಕ್‌ವೂಲ್ ಹೀರಿಕೊಂಡರೆ ತಿಂಗಳುಗಟ್ಟಲೆ ಪೈಪಿಗೆ ಒದ್ದೆ ಕಂಬಳಿ ಹೊದಿಸಿದ ಹಾಗೆ. ಹೊರಗೆ ಶೀಟು ಫಳಫಳ ಹೊಳೆಯುತ್ತಿರುತ್ತದೆ. ಒಳಗೆ ಪೈಪು ತುಕ್ಕು ಹಿಡಿಯುತ್ತಿರುತ್ತದೆ.

ಶೀಟು ಬಿಚ್ಚದೆ ಇದನ್ನು ಪತ್ತೆ ಮಾಡಲು ನಾನು ಬಳಸುವುದು ಪಲ್ಸ್ಡ್ ಎಡ್ಡಿ ಕರೆಂಟ್ ಎಂಬ ವಿಧಾನ. ಶೀಟಿನ ಮೇಲಿಟ್ಟ ಪ್ರೋಬಿನ (ಉಪಕರಣದ ಅಳೆಯುವ ತಲೆಯ) ಸುರುಳಿಯಲ್ಲಿ ಕರೆಂಟು ಹರಿಸಿ ಥಟ್ಟನೆ ನಿಲ್ಲಿಸುತ್ತೇವೆ. ಆಗ ಪೈಪಿನ ಉಕ್ಕಿನಲ್ಲಿ ಸುಳಿ ಕರೆಂಟು ಹುಟ್ಟಿ ನಿಧಾನವಾಗಿ ಒಳಕ್ಕೆ ಹರಡುತ್ತದೆ. ಆಚೆ ಬದಿ ಮುಟ್ಟಿದ ಮೇಲೆ ಸರ್ರನೆ ಕುಗ್ಗುತ್ತದೆ. ಗೋಡೆ ತೆಳುವಾಗಿದ್ದರೆ ಆ ಗಳಿಗೆ ಬೇಗ ಬರುತ್ತದೆ. ದಪ್ಪ ಅರ್ಧವಾದರೆ ಸಮಯ ಸುಮಾರು ಕಾಲುಭಾಗ.

ಒಮ್ಮೆ 8 ಇಂಚಿನ ಲೈನು ಸಿಕ್ಕಿತು. ಪೈಪಿನ ದಪ್ಪದ ದರ್ಜೆ ಶೆಡ್ಯೂಲ್ 40, ಅಂದರೆ ಹೊಸದಿದ್ದಾಗ ಗೋಡೆ 8.18 ಮಿಲಿಮೀಟರ್. ಮೊದಲು ಒಂದು ಒಣ ಜಾಗದಲ್ಲಿ ಶೀಟು ಬಿಚ್ಚಿಸಿ, ಶಬ್ದದ ಅಲೆಯಿಂದ ದಪ್ಪ ಅಳೆಯುವ ಅಲ್ಟ್ರಾಸಾನಿಕ್‌ನಿಂದ ಅಳೆದೆ: 8.1. ಅದನ್ನೇ ಶೇಕಡಾ ನೂರು ಎಂದು ಎಡ್ಡಿ ಕರೆಂಟ್ ಉಪಕರಣಕ್ಕೆ ಹೇಳಿಕೊಟ್ಟೆ. ಆಮೇಲೆ ಗುರುತು ಹಾಕಿಕೊಂಡು ಒಂದೊಂದೇ ಜಾಗ ನೋಡುತ್ತಾ ಹೋದೆ. ಫ್ಲೇಂಜು (ಪೈಪು ಜೋಡಿಸುವ ಬಿಲ್ಲೆ), ಸಪೋರ್ಟು ಹತ್ತಿರದ ರೀಡಿಂಗ್ ನಾನು ನಂಬುವುದಿಲ್ಲ. ಅಲ್ಲಿನ ಹೆಚ್ಚಿನ ಉಕ್ಕು ಸಿಗ್ನಲ್ ಕೆಡಿಸುತ್ತದೆ.

97, 96, 98. ಪೈಪು ತುಸು ಬಾಗಿದ ಕಡೆ, ಹೊಟ್ಟೆಯ ಕೆಳಗೆ 79. ಪ್ರೋಬ್ ಎತ್ತಿ ಮತ್ತೆ ಇಟ್ಟೆ. ಮತ್ತೂ 79.

"ಸಾಹೇಬ್ರ, ಶೀಟು ಚಲೋ ಅದ ಅಲ್ರೀ, ಸುಮ್ನೆ ಯಾಕ ಬಿಚ್ಚೋದು?" ಅಂದ ಫಿಟ್ಟರ್.

"ಬಿಚ್ಚು ತಮ್ಮಾ, ನೋಡೇ ಬಿಡೋಣ" ಅಂದೆ.

ಸ್ಕ್ರೂ ತೆಗೆದದ್ದೇ ತಡ, ನೀರು ತೊಟ್ಟಿಕ್ಕಿತು. ರಾಕ್‌ವೂಲ್ ಹಿಂಡಿದರೆ ಕಂದು ನೀರು. ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಕೈಗೆ ಬಂತು. ಕೆರೆದು, ಉಜ್ಜಿ ಅಲ್ಟ್ರಾಸಾನಿಕ್ ಇಟ್ಟರೆ ಒಂದು ಕಡೆ 4.7!

79 ಅಂದರೆ 6.4 ಇರಬೇಕಿತ್ತು ಅಲ್ವಾ? ಇಲ್ಲೇ ಹುಷಾರಾಗಿರಬೇಕು. ಈ ಪ್ರೋಬ್ ತನ್ನ ಕೆಳಗಿನ ಇಡೀ ಜಾಗದ ಸರಾಸರಿ ಹೇಳುತ್ತದೆ. ರಾಕ್‌ವೂಲ್ ದಪ್ಪವಾದಷ್ಟೂ ಆ ಜಾಗ ದೊಡ್ಡದು. ಸಣ್ಣ ಗುಳಿ ಅದರಲ್ಲಿ ಕರಗಿಹೋಗುತ್ತದೆ. ಅದಕ್ಕೇ ಈ ಅಂಕಿಯನ್ನು ನಾನು ಎಲ್ಲಿ ಬಿಚ್ಚಬೇಕು ಅಂತ ತಿಳಿಯಲು ಮಾತ್ರ ಬಳಸುತ್ತೇನೆ. ವರದಿಗೆ ಹೋಗುವುದು ಬಿಚ್ಚಿ ಅಳೆದ ದಪ್ಪ.

ಅಷ್ಟು ಉದ್ದದ ಪೈಪು ಬದಲಾಯಿತು. ಹಳೇ ಶೀಟಿನ ಸಂದಿ ಮೇಲ್ಮುಖವಾಗಿತ್ತು, ನೀರಿಗೆ ಬಾಯಿ ತೆರೆದಂತೆ. ಹೊಸದರ ಸಂದಿ ಕೆಳಮುಖ ಮಾಡಿಸಿ, ಸೀಲಂಟ್ ಹಚ್ಚಿಸಿಯೇ ಅಲ್ಲಿಂದ ಹೊರಟೆ.