ಕೆನಡಾಗೆ ಓದಲು ಹೊರಟವರು ಪಾಸ್‌ಪೋರ್ಟಿನ ಕೊನೆ ತಾರೀಖು ನೋಡಿ

ಕೆನಡಾ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್ ರಿನ್ಯೂ ಮಾಡಿಸಿಕೊಳ್ಳಲು ನೋಡಿ, ಅದು ಕೋರ್ಸಿಗಿಂತ ಮೊದಲೇ ಮುಗಿಯುವುದಾದರೆ. ಪರ್ಮಿಟ್ ಸಾಮಾನ್ಯವಾಗಿ ಕೋರ್ಸಿನ ಅವಧಿ ಮತ್ತು ಅದರ ಮೇಲೆ 90 ದಿನಕ್ಕೆ ಸಿಗುತ್ತದೆ. ಆದರೆ ಪಾಸ್‌ಪೋರ್ಟ್ ಮುಗಿಯುವ ದಿನವನ್ನು ಅದು ದಾಟುವುದಿಲ್ಲ. ಕೋರ್ಸ್ ನಾಲ್ಕು ವರ್ಷದ್ದು, ಪಾಸ್‌ಪೋರ್ಟ್ ಎರಡೇ ವರ್ಷ ಅಂದರೆ ಪರ್ಮಿಟ್ ಕೂಡ ಎರಡೇ ವರ್ಷ. ಆಮೇಲೆ ಅಲ್ಲಿ ಪಾಸ್‌ಪೋರ್ಟ್ ರಿನ್ಯೂ, ಪರ್ಮಿಟ್ ಎಕ್ಸ್‌ಟೆನ್ಷನ್, 150 ಕೆನಡಿಯನ್ ಡಾಲರ್ ಫೀಸು, ಅದೂ ಪರೀಕ್ಷೆ ನಡುವೆ. ಸುಮ್ನೆ ತಲೆನೋವು, ಅಲ್ವಾ? ಓದು ಮುಗಿದ ಮೇಲೆ ಸಿಗುವ ವರ್ಕ್ ಪರ್ಮಿಟ್‌ಗೂ ಇದೇ ಲೆಕ್ಕ. ಅದು ಮೂರು ವರ್ಷದವರೆಗೂ ಸಿಗಬಹುದು, ಹಾಗಾಗಿ ಆ ವರ್ಷಗಳನ್ನೂ ಸೇರಿಸಿ ನೋಡಿ. ಪಿಯುಸಿ ಮುಗಿಸಿ ಹೊರಡುವ ಮಕ್ಕಳ ಅಪ್ಪ ಅಮ್ಮ ಇದನ್ನು ಮುಖ್ಯವಾಗಿ ಗಮನಿಸಬೇಕು. ಚಿಕ್ಕ ವಯಸ್ಸಿನಲ್ಲಿ ಮಾಡಿಸಿದ ಪಾಸ್‌ಪೋರ್ಟ್‌ಗೆ ಹತ್ತು ವರ್ಷದ ಬದಲು ಹೆಚ್ಚೆಂದರೆ ಐದೇ ವರ್ಷ ಇರುವುದು ಜಾಸ್ತಿ. ಕ್ಲಾಸ್ ಶುರುವಾಗಲು ದಿನ ಕಡಿಮೆ ಇದ್ದು, ಪೊಲೀಸ್ ವೆರಿಫಿಕೇಷನ್ ತಡವಾಗುವ ಊರಾದರೆ ಈ ಉಪಾಯ ಬೇಡ, ಇರುವ ಪಾಸ್‌ಪೋರ್ಟಿನಲ್ಲೇ ಅರ್ಜಿ ಹಾಕಿ. ಅರ್ಜಿ ಹಾಕಿದ ಮೇಲೆ ರಿನ್ಯೂ ಮಾಡಿಸಿದರೆ ನಂಬರ್ ಬದಲಾಗುತ್ತದೆ, ಅದನ್ನು ಕೆನಡಾದ ಇಮಿಗ್ರೇಷನ್ ಇಲಾಖೆಗೆ ತಿಳಿಸಲೇಬೇಕು. ವೀಸಾ ಹಳೇ ಪಾಸ್‌ಪೋರ್ಟಿನಲ್ಲಿ ಈಗಾಗಲೇ ಅಂಟಿಸಿ ಬಂದಿದ್ದರೆ ಪ್ರಯಾಣಕ್ಕೆ ಎರಡನ್ನೂ ಜೊತೆಗೆ ಇಟ್ಟುಕೊಳ್ಳಿ.