ತಾಲೀಮಿನ ಹೊತ್ತಿಗೆ ಮನೆಯ ಮಂಬಲ್ ಸರ್ವರ್ ಸಿಗದಿದ್ದರೆ

ನಮ್ಮೂರು ಸಿರುಗುಪ್ಪ ತಾಲ್ಲೂಕಿನಲ್ಲಿದೆ. ಜಾತ್ರೆಗೆ ದೊಡ್ಡಾಟ ಆಡುತ್ತೇವೆ. ಪಾತ್ರ ಮಾಡುವವರಲ್ಲಿ ಅರ್ಧ ಜನ ಈಗ ಊರಲ್ಲಿಲ್ಲ. ಇಬ್ಬರು ಬೆಂಗಳೂರಲ್ಲಿ, ಒಬ್ಬ ಹೊಸಪೇಟೆಯಲ್ಲಿ, ಇನ್ನೊಬ್ಬ ಮಂಗಳೂರಲ್ಲಿ. ಅದಕ್ಕೇ ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇಟ್ಟು, ಅದರ ಮೇಲೆ ಮಂಬಲ್ ಸರ್ವರ್ ಹಾಕಿದ್ದೇನೆ. ಮಂಬಲ್ ಎಂದರೆ ಇಂಟರ್ನೆಟ್ ಮೂಲಕ ಹಲವರು ಒಟ್ಟಿಗೆ ಮಾತಾಡುವ ಪ್ರೋಗ್ರಾಂ; ಎಲ್ಲರ ಫೋನೂ ಬಂದು ಸೇರುವ ಜಾಗವೇ ಸರ್ವರ್. ರಾತ್ರಿ 9ಕ್ಕೆ ಎಲ್ಲರೂ ಫೋನಿನಲ್ಲಿ ಸೇರುತ್ತಾರೆ. ಒಬ್ಬೊಬ್ಬರೇ ಮಾತು ಒಪ್ಪಿಸುತ್ತಾರೆ, ಮಾಸ್ತರ್ ಕಾಕಾ ತಿದ್ದುತ್ತಾರೆ. ಹಾಡಿಗೆ ಮಾತ್ರ ಇದು ಆಗುವುದಿಲ್ಲ. ದನಿ ತಲುಪಲು ಸ್ವಲ್ಪ ತಡ ಆಗೇ ಆಗುತ್ತದೆ, ಮದ್ದಳೆ ಒಂದು ಕಡೆ, ತಾಳ ಒಂದು ಕಡೆ ಆಗಿಬಿಡುತ್ತದೆ. ಆದರೆ ಮಾತಿನ ತಾಲೀಮಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಸರ್ವರ್ ಸಿಗುತ್ತಿಲ್ಲ ಎಂದು ಫೋನ್ ಬಂದ ಕೂಡಲೇ ರೂಟರ್ ಸೆಟ್ಟಿಂಗ್‌ಗೆ ಕೈ ಹಾಕಬೇಡಿ. ಮೊದಲು ಎರಡು ಮಾತು ಕೇಳಿ. ಸಿಗದಿರುವುದು ಒಬ್ಬರಿಗಾ, ಎಲ್ಲರಿಗಾ? ಫೋನಿನ ಮೇಲೆ ಏನೆಂದು ಬರೆದು ಬರುತ್ತಿದೆ? ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ‘ಕನೆಕ್ಷನ್ ರಿಫ್ಯೂಸ್ಡ್’ ಎಂದು ಬಂದರೆ ಕರೆ ಯಂತ್ರದವರೆಗೆ ಬಂದಿದೆ, ಕದ ತೆಗೆಯುವವರಿಲ್ಲ ಎಂದು ಅರ್ಥ. ಸಾಮಾನ್ಯವಾಗಿ ಸರ್ವರ್ ಪ್ರೋಗ್ರಾಂ ನಿಂತಿರುತ್ತದೆ. ‘ಟೈಮ್ಡ್ ಔಟ್’ ಎಂದು ಬಂದರೆ ಕರೆ ದಾರಿಯಲ್ಲೇ ಎಲ್ಲೋ ಕಳೆದುಹೋಗಿದೆ. ಇವೆರಡರ ವ್ಯತ್ಯಾಸ ತಿಳಿದರೆ ಅರ್ಧ ರಾತ್ರಿಯ ಹುಡುಕಾಟ ಉಳಿಯುತ್ತದೆ.

ಆಮೇಲೆ ಮನೆಯೊಳಗಿಂದ ಹೊರಗೆ ಹೋಗುತ್ತಾ ನೋಡಿ. ನಿಮ್ಮ ಫೋನನ್ನು ಮನೆಯ ವೈಫೈಗೆ ಹಾಕಿ, ಪೈಯ ಒಳಗಿನ ವಿಳಾಸ ಕೊಟ್ಟು ಸೇರಿ. ನಮ್ಮಲ್ಲಿ ಅದು 192.168.1.20. ಪೋರ್ಟ್, ಅಂದರೆ ಆ ವಿಳಾಸದಲ್ಲಿ ತಟ್ಟಬೇಕಾದ ಬಾಗಿಲಿನ ಸಂಖ್ಯೆ, 64738; ಮಂಬಲ್ ಮೊದಲಿನಿಂದಲೂ ಇಟ್ಟುಕೊಂಡಿರುವುದು. ಒಳಗಿಂದಲೇ ಸಿಗದಿದ್ದರೆ ಹೊರಗಿನದನ್ನು ನೋಡುವುದು ವ್ಯರ್ಥ. ಸರ್ವರ್ ಓಡುತ್ತಿದೆಯಾ, ಪೈಯೊಳಗೆ ಫೈರ್‌ವಾಲ್ (ಬೇಡದ ಕರೆ ತಡೆಯುವ ಕಾವಲು) ಹಾಕಿದ್ದರೆ ಈ ಪೋರ್ಟ್ ತೆರೆದಿದೆಯಾ, ಇಷ್ಟು ನೋಡಿ. ಒಳಗಿಂದ ಸಿಕ್ಕಿತು ಅಂದರೆ ವೈಫೈ ಆರಿಸಿ, ಮೊಬೈಲ್ ಡೇಟಾದಿಂದ ಹೊರಗಿನ ವಿಳಾಸಕ್ಕೆ ಸೇರಿ ನೋಡಿ. ಡೇಟಾದಿಂದಲೇ ನೋಡಬೇಕು. ಮನೆಯ ವೈಫೈನಲ್ಲೇ ಕೂತು ಹೊರಗಿನ ವಿಳಾಸ ಒತ್ತಿದರೆ ಎಷ್ಟೋ ರೂಟರ್‌ಗಳು ಅದನ್ನು ತಿರುಗಿಸಿ ಒಳಗೆ ಬಿಡುವುದಿಲ್ಲ. ಎಲ್ಲ ಸರಿ ಇದ್ದರೂ ಕೆಟ್ಟಂತೆ ಕಾಣುತ್ತದೆ.

ನಮ್ಮ ಕಡೆ ಜಾಸ್ತಿ ಕಾಡುವುದು ಕರೆಂಟ್ ಹೋಗಿ ಬಂದ ಮೇಲೆ. ಹೋದ ಬೇಸಿಗೆಯಲ್ಲಿ ಒಂದು ಸಂಜೆ ಗಾಳಿ ಬೀಸಿ ಕರೆಂಟ್ ಹೋಯಿತು, 8 ಗಂಟೆಗೆ ಬಂತು. 9ಕ್ಕೆ ಹೊರಗಿನವರು ಯಾರಿಗೂ ಸರ್ವರ್ ಸಿಗಲಿಲ್ಲ. ನೋಡಿದರೆ ರೂಟರ್ ಪೈಗೆ ಹೊಸ ವಿಳಾಸ ಕೊಟ್ಟಿತ್ತು, ಕೊನೆಯ ಅಂಕಿ 20 ಹೋಗಿ 23 ಆಗಿತ್ತು. ಹೊರಗಿಂದ ಬಂದ ಕರೆಯನ್ನು ಒಳಗಿನ ಯಂತ್ರಕ್ಕೆ ದಾಟಿಸುವ ರೂಟರ್‌ನ ಸೆಟ್ಟಿಂಗ್, ಅಂದರೆ ಪೋರ್ಟ್ ಫಾರ್ವರ್ಡಿಂಗ್, ಇನ್ನೂ 20ಕ್ಕೇ ಕಳಿಸುತ್ತಿತ್ತು. ಇದಕ್ಕೆ ಮದ್ದು ರೂಟರ್‌ನಲ್ಲೇ ಇದೆ. ಮನೆಯ ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಎಂದು ಇರುತ್ತದೆ. ಅಲ್ಲಿ ಪೈಯ ಮ್ಯಾಕ್ ವಿಳಾಸ (ಯಂತ್ರಕ್ಕೆ ತಯಾರಿಸುವಾಗಲೇ ಕೊಟ್ಟ ಗುರುತು) ಹಾಕಿ ಒಂದು ಸಂಖ್ಯೆಯನ್ನು ಖಾಯಂ ಮಾಡಿ. ರೂಟರ್ ಆರಿ ಹತ್ತಿದಾಗ ಹೊರಗಿನ ವಿಳಾಸವೂ ಬದಲಾಗಬಹುದು. ಅದಕ್ಕೆ ಬದಲಾಗುವ ವಿಳಾಸಕ್ಕೆ ಖಾಯಂ ಹೆಸರು ಕೊಡುವ ಡಕ್ ಡಿಎನ್‌ಎಸ್‌ನಂಥ ಉಚಿತ ಸೇವೆಯಲ್ಲಿ ಒಂದು ಹೆಸರು ತೆಗೆದುಕೊಂಡು, 5 ನಿಮಿಷಕ್ಕೊಮ್ಮೆ ಪೈ ತಾನೇ ಹೊಸ ವಿಳಾಸ ತಿಳಿಸುವಂತೆ ಮಾಡಿ. ಎಲ್ಲರಿಗೂ ಆ ಹೆಸರನ್ನೇ ಕೊಡಿ, ಅಂಕಿ ಕೊಡಬೇಡಿ.

ಪೋರ್ಟ್ ಫಾರ್ವರ್ಡಿಂಗ್ ಮಾಡುವಾಗ ಟಿಸಿಪಿ, ಯುಡಿಪಿ ಎರಡನ್ನೂ ಹಾಕಿ. ಇವು ಮಾಹಿತಿ ಸಾಗಿಸುವ ಎರಡು ಬಗೆಯ ದಾರಿಗಳು. ನಾನು ಮೊದಲು ಟಿಸಿಪಿ ಒಂದನ್ನೇ ಹಾಕಿದ್ದೆ. ಎಲ್ಲರೂ ಸೇರಿದರು, ಹೆಸರುಗಳು ಕಂಡವು, ಬರೆದ ಸಂದೇಶ ಹೋಯಿತು. ಆದರೆ ದನಿ ತಡೆದು ತಡೆದು ಬರುತ್ತಿತ್ತು. ಮಂಬಲ್ ದನಿ ಕಳಿಸುವುದು ಯುಡಿಪಿಯಲ್ಲಿ. ಅದು ಸಿಗದಿದ್ದರೆ ಟಿಸಿಪಿ ದಾರಿಯಲ್ಲೇ ತುರುಕುತ್ತದೆ, ಅಲ್ಲಿ ಒಂದು ತುಣುಕು ತಪ್ಪಿದರೆ ಅದರ ಹಿಂದೆ ಬರುವವೆಲ್ಲ ಕಾಯುತ್ತಾ ನಿಲ್ಲುತ್ತವೆ.

ಇಷ್ಟೆಲ್ಲ ಸರಿ ಇದ್ದೂ ಹೊರಗಿಂದ ‘ಟೈಮ್ಡ್ ಔಟ್’ ಬರುತ್ತಿದ್ದರೆ ಒಂದು ಪರೀಕ್ಷೆ ಮಾಡಿ. ನಾನು ಇದನ್ನು ತಿಳಿಯದೆ ನಾಲ್ಕು ದಿನ ಕಳೆದಿದ್ದೇನೆ, ನೀವು ಕಳೆಯಬೇಡಿ. ರೂಟರ್‌ನ ಸ್ಟೇಟಸ್ ಪುಟದಲ್ಲಿ ‘ವ್ಯಾನ್ ಐಪಿ’, ಅಂದರೆ ರೂಟರ್‌ಗೆ ಹೊರಗಿನಿಂದ ಸಿಕ್ಕ ವಿಳಾಸ, ಎಷ್ಟಿದೆ ಎಂದು ಬರೆದುಕೊಳ್ಳಿ. ಮನೆಯ ವೈಫೈನಲ್ಲಿ ‘ನನ್ನ ಐಪಿ ಏನು’ ಎಂದು ತೋರಿಸುವ ಯಾವುದಾದರೂ ಸೈಟ್ ತೆರೆದು ಅಲ್ಲಿರುವುದನ್ನೂ ಬರೆದುಕೊಳ್ಳಿ. ಎರಡೂ ಒಂದೇ ಇದ್ದರೆ ಸರಿ. ಬೇರೆ ಬೇರೆ ಇದ್ದು, ರೂಟರ್‌ನದು 100.64ರಿಂದ 100.127ರವರೆಗಿನ ಅಂಕಿಯಲ್ಲಿ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಕೆಲವು ಕಡೆ 10ರಿಂದ ಶುರುವಾಗುವ ಅಂಕಿಯೂ ಇರುತ್ತದೆ.

ಊರಿಗೆಲ್ಲ ಒಂದೇ ಅಗಸಿ ಇದ್ದಂತೆ ಈ ಸಿಜಿನ್ಯಾಟ್. ಇಂಟರ್ನೆಟ್ ಕೊಡುವವರು ನೂರಾರು ಮನೆಗಳಿಗೆ ಒಂದೇ ಹೊರಗಿನ ವಿಳಾಸ ಹಂಚಿರುತ್ತಾರೆ. ಒಳಗಿನವರು ಹೊರಗೆ ಹೋಗಬಹುದು. ಹೊರಗಿಂದ ಬಂದವನು ಅಗಸಿಯಲ್ಲೇ ನಿಲ್ಲಬೇಕು, ಯಾವ ಮನೆ ಎಂದು ಅವನಿಗೆ ಹೇಳುವವರಿಲ್ಲ. ನಿಮ್ಮ ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಅಗಸಿ ನಿಮ್ಮ ಕೈಯಲ್ಲಿಲ್ಲ ಅಲ್ವಾ?

ದಾರಿ ಮೂರಿವೆ. ನಮಗೆ ಮಾತ್ರ ಸೇರಿದ, ಬದಲಾಗದ ಹೊರಗಿನ ವಿಳಾಸ, ಅಂದರೆ ಸ್ಟ್ಯಾಟಿಕ್ ಐಪಿ ಕೊಡುತ್ತೀರಾ ಎಂದು ಇಂಟರ್ನೆಟ್ ಕೊಡುವವರನ್ನು ಕೇಳುವುದು, ಇದಕ್ಕೆ ಬೇರೆ ದುಡ್ಡು ಕೇಳಬಹುದು. ವಿಳಾಸಗಳ ಕೊರತೆಯಿಲ್ಲದ ಹೊಸ ವಿಳಾಸ ಪದ್ಧತಿ ಐಪಿವಿ6 ಬಳಸುವುದು, ಆದರೆ ಸೇರುವ ಪ್ರತಿಯೊಬ್ಬರಿಗೂ ಐಪಿವಿ6 ಇರಬೇಕು, ರೂಟರ್‌ನ ಐಪಿವಿ6 ಫೈರ್‌ವಾಲ್‌ನಲ್ಲೂ ಪೋರ್ಟ್ ತೆರೆಯಬೇಕು. ಮೂರನೆಯದು ಟೇಲ್‌ಸ್ಕೇಲ್, ದೂರದ ಯಂತ್ರಗಳನ್ನು ಒಂದು ಖಾಸಗಿ ಜಾಲಕ್ಕೆ ಸೇರಿಸುವ ಪ್ರೋಗ್ರಾಂ. ಪೈ ಮೇಲೂ ಎಲ್ಲರ ಫೋನಿನಲ್ಲೂ ಅದನ್ನು ಹಾಕಿದರೆ ಎಲ್ಲವೂ ಒಂದೇ ಮನೆಯಲ್ಲಿದ್ದಂತೆ ಆಗುತ್ತವೆ, ಪೋರ್ಟ್ ಫಾರ್ವರ್ಡಿಂಗ್ ಬೇಕಿಲ್ಲ. ನಾನು ಇದನ್ನೇ ಆರಿಸಿದೆ. ಎಂಟು ಜನರ ಗುಂಪಿಗೆ ಇದೇ ಸುಲಭ ಎಂದು ನನ್ನ ಅನುಭವ. ಐವತ್ತು ಜನ ಬಂದು ಹೋಗುವ ಸರ್ವರ್ ಆಗಿದ್ದರೆ ಸ್ಟ್ಯಾಟಿಕ್ ಐಪಿಯನ್ನೇ ಕೇಳುತ್ತಿದ್ದೆ.

ಸೇರಿದ ಮೇಲೆ ಎಲ್ಲರ ದನಿಯೂ ಒಟ್ಟಿಗೆ ಒಡೆಯುತ್ತಿದ್ದರೆ ಮನೆಯ ಅಪ್‌ಲೋಡ್ ವೇಗ ನೋಡಿ. ಒಬ್ಬರ ದನಿ ಸೆಕೆಂಡಿಗೆ 60 ಕಿಲೋಬಿಟ್ ಎಂದುಕೊಳ್ಳಿ. ಎಂಟು ಜನರಲ್ಲಿ ಒಬ್ಬರು ಮಾತಾಡಿದರೆ ಸರ್ವರ್ ಅದನ್ನು ಏಳು ಪ್ರತಿ ಮಾಡಿ ಕಳಿಸುತ್ತದೆ, 420 ಕಿಲೋಬಿಟ್. ಇಬ್ಬರು ಒಟ್ಟಿಗೆ ಮಾತಾಡಿದರೆ ಅದರ ಎರಡರಷ್ಟು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರಾದರೂ ಜಾತ್ರೆಯ ವಿಡಿಯೋ ಅಪ್‌ಲೋಡ್ ಮಾಡುತ್ತಿದ್ದರೆ ನಿಲ್ಲಿಸಲು ಹೇಳಿ. ಪೈಯನ್ನು ವೈಫೈ ಬಿಟ್ಟು ಕೇಬಲ್‌ನಿಂದ ರೂಟರ್‌ಗೆ ಜೋಡಿಸಿ.

ಒಬ್ಬರಿಗೆ ಮಾತ್ರ ಸಿಗದಿದ್ದರೆ ತೊಂದರೆ ಅವರ ಕಡೆಯದ್ದೇ ಇರಬಹುದು. ಬಸ್ಸಿನಲ್ಲಿ ನೆಟ್‌ವರ್ಕ್ ಹೋಗಿ ಬಂದಾಗ ‘ಈ ಹೆಸರು ಬಳಕೆಯಲ್ಲಿದೆ’ ಎಂಬರ್ಥದ ಸಂದೇಶ ಬರಬಹುದು. ಹಳೆಯ ಸಂಪರ್ಕ ಸರ್ವರ್‌ನಲ್ಲಿ 30 ಸೆಕೆಂಡ್ ಉಳಿದಿರುತ್ತದೆ, ಅಷ್ಟು ಕಾಯ್ದು ಮತ್ತೆ ಒತ್ತಿದರೆ ಆಯಿತು. ಹೊಸ ಫೋನ್ ತೆಗೆದುಕೊಂಡವರಿಗೆ ಬೇರೆ ತೊಂದರೆ. ಮಂಬಲ್‌ನಲ್ಲಿ ನೋಂದಾಯಿಸಿದ ಹೆಸರು ಹಳೆಯ ಫೋನಿನ ಸರ್ಟಿಫಿಕೇಟ್‌ಗೆ, ಅಂದರೆ ಆ ಫೋನಿನಲ್ಲಿರುವ ಗುರುತಿನ ಫೈಲಿಗೆ, ಕಟ್ಟಿರುತ್ತದೆ. ಹೊಸ ಫೋನಿನಿಂದ ಅದೇ ಹೆಸರಲ್ಲಿ ಬಂದರೆ ಸರ್ವರ್ ಒಳಗೆ ಬಿಡುವುದಿಲ್ಲ. ಮಾಸ್ತರ್ ಕಾಕಾಗೆ ಮಗ ಹೊಸ ಫೋನ್ ಕೊಡಿಸಿದಾಗ ಹೀಗೇ ಆಯಿತು. ನಾನು ಕಂಪ್ಯೂಟರ್‌ನಿಂದ ಸೂಪರ್‌ಯೂಸರ್ (ಸರ್ವರ್‌ನ ಪೂರ್ಣ ಅಧಿಕಾರವಿರುವ ಖಾತೆ) ಆಗಿ ಒಳಗೆ ಹೋಗಿ, ನೋಂದಾಯಿತರ ಪಟ್ಟಿಯಿಂದ ಅವರ ಹಳೆಯ ಹೆಸರು ತೆಗೆದೆ. ಅವರು ಬಂದ ಮೇಲೆ ಮತ್ತೆ ನೋಂದಾಯಿಸಿದೆ. ಹತ್ತು ನಿಮಿಷ ತಡವಾಗಿ ಆ ದಿನದ ತಾಲೀಮು ಶುರುವಾಯಿತು.