ಮೆಕ್ಕೆಜೋಳದ ಪಿಷ್ಟದ ಜೆಲ್‌ಗೆ ಮೊನೊಗ್ಲಿಸರೈಡ್ ಬೆರೆಸುವ ಕ್ರಮ

ಪಿಷ್ಟದಲ್ಲಿರುವ ಅಮೈಲೋಸ್ ಎಂಬ ನೇರ ಸರಪಳಿಯು ಗ್ಲಿಸರಾಲ್ ಮೊನೊಸ್ಟಿಯರೇಟ್ ಎಂಬ ಮೊನೊಗ್ಲಿಸರೈಡಿನ ಕೊಬ್ಬಿನ ಬಾಲವನ್ನು ಸುರುಳಿಯಾಗಿ ಸುತ್ತಿಕೊಳ್ಳುತ್ತದೆ. ಹೀಗೆ ಸಿಕ್ಕಿಬಿದ್ದ ಅಮೈಲೋಸ್ ಜೆಲ್‌ನ ಜಾಲ ಹೆಣೆಯಲು ಉಳಿಯದ ಕಾರಣ ಜೆಲ್ ಮೃದುವಾಗುತ್ತದೆ. ಬ್ರೆಡ್ ಬೇಗ ಗಟ್ಟಿಯಾಗದಂತೆ ಮೊನೊಸ್ಟಿಯರೇಟನ್ನು ಬಳಸುವುದರ ಹಿಂದೆ ಇದೇ ತತ್ತ್ವವಿದೆ.

ಪರೀಕ್ಷಿಸಲು 40 ಗ್ರಾಂ ಮೆಕ್ಕೆಜೋಳದ ಪಿಷ್ಟ ಮತ್ತು 460 ಗ್ರಾಂ ನೀರನ್ನು ಅಳೆದುಕೊಳ್ಳಿ. ಆ ನೀರಿನಲ್ಲೇ 100 ಗ್ರಾಂ ತೆಗೆದು 75 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, 0.4 ಗ್ರಾಂ ಮೊನೊಸ್ಟಿಯರೇಟನ್ನು ಹಾಕಿ ಬಿರುಸಾಗಿ ಕಲಕಿರಿ. ಈ ಹಂತದಲ್ಲಿ ಆತುರ ಸಲ್ಲದು: ಒಣಪುಡಿಯನ್ನು ತಣ್ಣೀರಿಗೆ ಸುರಿದರೆ ಅದು ಮೇಲೆ ತೇಲುತ್ತದೆಯೇ ಹೊರತು ಅಮೈಲೋಸನ್ನು ತಲುಪುವುದಿಲ್ಲ. ಉಳಿದ ನೀರಿನಲ್ಲಿ ಪಿಷ್ಟವನ್ನು ಕದಡಿ, ಎರಡನ್ನೂ ಕೂಡಿಸಿ, ಕೈಬಿಡದೆ ಕಲಕುತ್ತ 95 ಡಿಗ್ರಿಯಲ್ಲಿ ಹತ್ತು ನಿಮಿಷ ಬೇಯಿಸಿರಿ. ಮೊನೊಸ್ಟಿಯರೇಟ್ ಇಲ್ಲದ ಇನ್ನೊಂದು ಪಾತ್ರೆಯನ್ನೂ ಇದೇ ರೀತಿ ಸಿದ್ಧಪಡಿಸಿ; ಹೋಲಿಕೆಯಿಲ್ಲದೆ ಯಾವ ತೀರ್ಮಾನವೂ ನಿಲ್ಲದು.

ಎರಡನ್ನೂ ಮುಚ್ಚಿ, ಒಂದು ದಿನ ಫ್ರಿಜ್‌ನಲ್ಲಿಟ್ಟು, ಬೆರಳಿನಿಂದ ಒತ್ತಿ ನೋಡಿ. ಬಹುತೇಕ ಅಮೈಲೋಸ್ ಇಲ್ಲದ ಮೇಣಜೋಳದ (ಮೆಕ್ಕೆಜೋಳದ ಒಂದು ಬಗೆ) ಪಿಷ್ಟದಲ್ಲಿ ಇಂಥ ವ್ಯತ್ಯಾಸವನ್ನು ನಿರೀಕ್ಷಿಸಬೇಡಿ.